ಬೆಳಗಿನ ಮೊದಲ ನೀರು

ನನಗೆ ಗಣಿತ ಏಕೆ ಬರಲಿಲ್ಲ ಎಂಬುದಕ್ಕೆ ಕಾರಣ ಕೊನೆಗೂ ಸಿಕ್ಕಿದೆ. ಮೂವತ್ತು ವರ್ಷ ಕನ್ನಡ ಮಾಸ್ತರಿಕೆ ಮಾಡಿ ನಿವೃತ್ತನಾದ ಮೇಲೆ ಸಿಕ್ಕರೆ ಏನು ಪ್ರಯೋಜನ ಎಂದು ನೀವು ಕೇಳಬಹುದು. ಪ್ರಯೋಜನವಿಲ್ಲ, ಸಮಾಧಾನವಿದೆ. ತಪ್ಪು ನನ್ನ ತಲೆಯದಲ್ಲ, ನಮ್ಮ ಅಡುಗೆಮನೆಯ ನಲ್ಲಿಯದು. ಇನ್ನೂ ಬಿಡಿಸಿ ಹೇಳಬೇಕೆಂದರೆ, ನನ್ನ ತಾಯಿಯ, ನಮ್ಮ ಮಾತಿನಲ್ಲಿ ಆಯಿಯ, ಪ್ರೀತಿಯದು.

ಕಾರವಾರದ ನಮ್ಮ ಮನೆ ಬ್ರಿಟಿಷರ ಕಾಲದ್ದು. ಯಾರೋ ಸಾಹೇಬನಿಗೆಂದು ಕಟ್ಟಿದ್ದನ್ನು ಅಜ್ಜ ಕೊಂಡಿದ್ದ. ಸಾಹೇಬ ಹೋದ, ಅವನ ಪೈಪು ಉಳಿಯಿತು. ಹಿತ್ತಲ ಬಾವಿಯ ನೀರು ಮೇಲಿನ ಟಾಕಿಗೆ ಏರಿ, ಅಲ್ಲಿಂದ ಬೂದು ಬಣ್ಣದ ಒಂದು ದಪ್ಪ ಪೈಪಿನಲ್ಲಿ ಅಡುಗೆಮನೆಗೆ ಇಳಿಯುತ್ತಿತ್ತು. ಕಡಲು ಅಷ್ಟು ಹತ್ತಿರವಿದ್ದರೂ ನಮ್ಮ ಬಾವಿಯದು ಸಿಹಿನೀರು. ನಮ್ಮಲ್ಲಿ ಸಿಹಿನೀರೆಂದರೆ ಸಕ್ಕರೆ ಹಾಕಿದ್ದಲ್ಲ, ಉಪ್ಪಿಲ್ಲದ್ದು. ಬೇಳೆ ಬೇಗ ಬೇಯುತ್ತಿತ್ತು, ಸಾಬೂನು ಕೈತುಂಬ ನೊರೆ ಕೊಡುತ್ತಿತ್ತು. ಅಂಕೋಲೆಯ ಅಗಸೂರಿನಿಂದ ಮದುವೆಯಾಗಿ ಬಂದ ಆಯಿ ಈ ಮನೆಯಲ್ಲಿ ಮೊದಲು ಮೆಚ್ಚಿದ್ದು ನೀರನ್ನು, ತನ್ನನ್ನು ಮೆಚ್ಚಿದ್ದು ಆಮೇಲೆ ಎಂದು ಅಪ್ಪನೇ ಹೇಳುತ್ತಿದ್ದ.

ಆಯಿಯ ಪ್ರಕಾರ ದಿನದ ಮೊದಲ ನೀರಿಗಿಂತ ಶುದ್ಧವಾದದ್ದು ಬೇರೊಂದಿಲ್ಲ. ಇರುಳೆಲ್ಲ ಪೈಪಿನಲ್ಲಿ ಯಾರ ಕೈಯೂ ಸೋಕದೆ ತಣ್ಣಗೆ ನಿಂತ ನೀರು ಅದು. ಎಲ್ಲರಿಗಿಂತ ಮುಂಚೆ ಎದ್ದು, ನಲ್ಲಿ ತಿರುಗಿಸಿ, ಮೊದಲ ಚೊಂಬು ತುಂಬಿಕೊಳ್ಳುತ್ತಿದ್ದಳು. ಅದರಲ್ಲಿ ಒಂದು ಪಾಲು ದೇವರಿಗೆ, ಒಂದು ಪಾಲು ನನಗೆ. ನಾನು ಕೊನೆಯವ, ಮೇಲಾಗಿ ನರಪೇತಲ.

"ಕುಡಿ ತಮಾ, ಇನ್ನೂ ಯಾರೂ ಮುಟ್ಲಿಲ್ಲ" ಎಂದು ಹಿತ್ತಾಳೆ ಲೋಟ ಕೈಗಿಡುತ್ತಿದ್ದಳು. ಆ ಲೋಟದ ತಂಪು ಈಗಲೂ ನೆನಪಾಗುತ್ತದೆ, ಅದರ ಹಿಂದಿನ ಅವಳ ಒದ್ದೆ ಬೆರಳುಗಳೂ. ಅಣ್ಣಂದಿರಿಬ್ಬರಿಗೆ ಆ ಭಾಗ್ಯವಿರಲಿಲ್ಲ. ಅವರಿಬ್ಬರೂ ಗಣಿತದಲ್ಲಿ ಹುಷಾರಾದರು.

ಶಾಲೆಯಲ್ಲಿ ಸೀಸದಕಡ್ಡಿ ಕಚ್ಚಿದರೆ ಅಕ್ಕೋರು ಗದರುತ್ತಿದ್ದರು: "ವಿಷ ಅದು, ಉಗಿ!" ಆಮೇಲೆ ಎಲ್ಲೋ ಓದಿ ತಿಳಿದೆ, ಸೀಸದಕಡ್ಡಿಯಲ್ಲಿ ಸೀಸವೇ ಇಲ್ಲ. ಇದ್ದಲಿನ ಕುಲಕ್ಕೆ ಸೇರಿದ ಏನೋ ಒಂದು ಅದರೊಳಗೆ ಕೂತು ಸೀಸದ ಹೆಸರಿಗೆ ಬೈಸಿಕೊಳ್ಳುತ್ತಿದೆ. ಹೆಸರಿರುವಲ್ಲಿ ಪದಾರ್ಥವಿಲ್ಲ, ಪದಾರ್ಥವಿರುವಲ್ಲಿ ಹೆಸರಿಲ್ಲ. ನಮ್ಮ ಮನೆಯ ಪೈಪಿನ ಮೇಲಂತೂ ಯಾರೂ ಏನನ್ನೂ ಬರೆದಿರಲಿಲ್ಲ.

ಈ ವರ್ಷ ಮಗಳು ಚೊಚ್ಚಲ ಹೆರಿಗೆಗೆ ಹುಬ್ಬಳ್ಳಿಯಿಂದ ಬರುವವಳಿದ್ದಳು. ಆಯಿಗೆ ಎಂಬತ್ತು ದಾಟಿದ್ದರೂ ಬಾಣಂತನದ ಕಾರುಬಾರು ಅವಳದೇ. ಕುಡಿಯುವ ನೀರು ಕಾದು ಕಾದು ಅರ್ಧಕ್ಕೆ ಇಂಗಬೇಕು, ಅದೂ ಬೆಳಗಿನ ಮೊದಲ ನೀರೇ ಆಗಬೇಕು ಎಂದು ಅಪ್ಪಣೆಯಾಯಿತು. ನಲ್ಲಿ ಸೋರುತ್ತಿತ್ತೆಂದು ಮಾಜಾಳಿಯ ಪ್ಲಂಬರ್ ಸುಧಾಕರನನ್ನು ಕರೆಸಿದೆ. ವಾರವೆಲ್ಲ ಗೋವೆಯಲ್ಲಿ ಕೆಲಸ ಮಾಡುವ ಅವನು ನಮಗೆ ಸಿಗುವುದು ಭಾನುವಾರ ಮಾತ್ರ. ಬಂದವನು ಪೈಪನ್ನು ಚಾಕುವಿನಿಂದ ಕೆರೆದ. ಬೂದು ಬಣ್ಣದ ಒಳಗಿನಿಂದ ಬೆಳ್ಳಿ ಮಿಂಚಿತು. ಸಾಹೇಬ ಬೆಳ್ಳಿ ಪೈಪು ಹಾಕಿಸಿದ್ದನೇ ಎಂದು ಒಂದು ಗಳಿಗೆ ಹಿಗ್ಗಿದೆ.

"ಬೆಳ್ಳಿ ಅಲ್ಲ ಸರ್, ಸೀಸ. ನಮ್ಮಪ್ಪ ಬಲೆಗೆ ಭಾರ ಕಟ್ಟೂದು ಇದನ್ನೇ. ಬಲೆಗೆ ಅಡ್ಡಿಲ್ಲ, ಹೊಟ್ಟೆಗೆ ಬ್ಯಾಡ."

ಬಾವಿಯದೊಂದು ಬಾಟಲಿ, ನಲ್ಲಿಯದೊಂದು ಬಾಟಲಿ ನೀರು ಪರೀಕ್ಷೆಗೆ ಕೊಟ್ಟೆ. ಬಾವಿ ಪಾಸಾಯಿತು, ನಲ್ಲಿ ಫೇಲಾಯಿತು. ವರದಿ ಕೊಟ್ಟ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ, ಹಾಗಾಗಿ ಮೆತ್ತಗೇ ಹೇಳಿದಳು. ನೀರಿನಲ್ಲಿ ಕರಗಿದ ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬೇಳೆ ಬೇಗ ಬೇಯುತ್ತದೆಂದು ನಾವು ಹೊಗಳುವ ಮೆದು ನೀರೇ ಅದನ್ನು ಹೆಚ್ಚು ಕರಗಿಸುತ್ತದೆ. ಪೈಪಿನಲ್ಲಿ ನಿಂತಷ್ಟೂ ಹೆಚ್ಚು, ಆದ್ದರಿಂದ ಬೆಳಗಿನ ಮೊದಲ ನೀರೇ ಎಲ್ಲಕ್ಕಿಂತ ಕೆಟ್ಟದ್ದು. ಬಸುರಿಗೆ, ಅವಳ ಹೊಟ್ಟೆಯ ಕೂಸಿಗೆ, ಸಣ್ಣ ಮಕ್ಕಳ ಮಿದುಳಿಗೆ ಅದು ಒಳ್ಳೆಯದಲ್ಲ.

"ಕಾಯಿಸಿ ಇಂಗಿಸಿದರೆ?" ಎಂದೆ.

"ನೀರು ಹಾರಿ ಹೋಗ್ತದೆ ಸರ್, ಸೀಸ ಅಲ್ಲೇ ಉಳೀತದೆ. ಉಳಿದ ನೀರಲ್ಲಿ ಅದರ ಪಾಲು ಇನ್ನೂ ಹೆಚ್ಚಾಗ್ತದೆ. ಪೈಪು ಬದಲಿಸಿ. ಅಲ್ಲಿವರೆಗೆ ಬಾವಿ ನೀರನ್ನೇ ಸೇದಿ ಕುಡೀರಿ."

ನನ್ನ ಗಣಿತದ ವಿಷಯವನ್ನೂ ಕೇಳಿದೆ. "ಅದಕ್ಕೆಲ್ಲ ಸರ್ಟಿಫಿಕೇಟ್ ಕೊಡೂಕೆ ಬರೂದಿಲ್ಲ ಸರ್" ಎಂದು ನಕ್ಕಳು.

ನಗುತ್ತಲೇ ಮನೆಗೆ ಬಂದೆ, ಆದರೆ ಬಾಗಿಲಲ್ಲಿ ಕಾಲು ನಿಂತಿತು. ಇದನ್ನು ಆಯಿಗೆ ಹೇಗೆ ಹೇಳುವುದು? ಪೈಪು ತುಕ್ಕು ಹಿಡಿದಿದೆ ಎಂದು ಸುಳ್ಳು ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಅವಳು ನಂಬುತ್ತಿದ್ದಳು, ಆದರೆ ಮೊಮ್ಮಗಳಿಗೆ ಆ ನಲ್ಲಿಯ ಮೊದಲ ಚೊಂಬು ಹಿಡಿಯುವುದನ್ನು ಮಾತ್ರ ಬಿಡುತ್ತಿರಲಿಲ್ಲ. ಎಲ್ಲವನ್ನೂ ಹೇಳಿದೆ. ಆಯಿ ನಲ್ಲಿಯ ಕೆಳಗಿದ್ದ ಚೊಂಬನ್ನು ಎತ್ತಿ ಬದಿಗಿಟ್ಟಳು.

"ಹಂಗಾರೆ ಇಷ್ಟು ವರ್ಷ ನಾ ನಿಂಗೆ ಎಂತಾ ಕುಡ್ಸ್ದೆ, ತಮಾ?"

ಮೂವತ್ತು ವರ್ಷ ಮಕ್ಕಳಿಗೆ ಮಾತು ಕಲಿಸಿದವನಿಗೆ ಆ ಗಳಿಗೆಯಲ್ಲಿ ಒದಗಿದ್ದು ಇಷ್ಟೇ: "ನಾ ಗಟ್ಟಿಯಾಗೇ ಇದ್ದೇನಲ್ಲೇ ಆಯಿ." ಅವತ್ತು ಸಂಜೆಯ ಚಾ ಹಾಗೇ ಆರಿತು.

ಸುಧಾಕರ ಮುಂದಿನ ಭಾನುವಾರ ಸೀಸವನ್ನೆಲ್ಲ ಕಿತ್ತು ಹೊಸ ಪೈಪು ಹಾಕಿದ. ಮತ್ತೆ ಪರೀಕ್ಷೆ ಮಾಡಿಸಿದೆ, ನಲ್ಲಿಯೂ ಪಾಸಾಯಿತು. ಮಗಳು ಬಂದ ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ನೀರು ಹರಿಯುವ ಸದ್ದು ಕೇಳಿ ಎದ್ದೆ. ಆಯಿ ನಲ್ಲಿಯನ್ನು ಪೂರ್ತಿ ಬಿಟ್ಟು ಮುಂದೆ ನಿಂತಿದ್ದಳು. ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ಇರುಳೆಲ್ಲ ಪೈಪಿನಲ್ಲಿ ನಿಂತ ನೀರು ಹರಿದು ಹೋಗಲೆಂದು ದೇವರ ನೂರೆಂಟು ನಾಮ ಮುಗಿಯುವ ತನಕ ನಲ್ಲಿ ಬಿಟ್ಟು, ಆಮೇಲೆ ಮೊಮ್ಮಗಳಿಗೆ ಚೊಂಬು ತುಂಬುವುದು ಎಂದು ಅವಳೇ ಮಾಡಿಕೊಂಡ ಲೆಕ್ಕ.

"ಆಯಿ, ಪೈಪು ಹೊಸದು. ಪರೀಕ್ಷೆನೂ ಆಯ್ತು. ಈಗ ಹೀಂಗೆ ನೀರು ಬಿಡೂದು ಬ್ಯಾಡ."

ಅವಳು ಕಣ್ಣು ತೆರೆಯಲಿಲ್ಲ. "ಪೈಪಿಗೆ ಬ್ಯಾಡದಿರ್ಲಿ ತಮಾ. ನಂಗೆ ಬೇಕು."

ನಲ್ಲಿಯ ಕೆಳಗೆ ಬಕೀಟು ಸರಿಸಿ, ನಾಮಗಳು ಮುಗಿಯುವವರೆಗೆ ಅವಳ ಪಕ್ಕದಲ್ಲೇ ನಿಂತೆ.