ಸೇತುವೆ ಕೆಳಗಿನ ನೀರು ಯಾರದ್ದು

ದುದ್ದದ ಈಚೆಗೆ ನಮ್ಮೂರು. ಊರಿಂದ ಹಾಸನದ ರಸ್ತೆ ಸೇರಬೇಕಾದರೆ ರೈಲು ಹಳಿಯ ಕೆಳಗೆ ನುಗ್ಗಬೇಕು. ಮೊದಲು ಅಲ್ಲಿ ಗೇಟಿತ್ತು. ಅದನ್ನು ಮುಚ್ಚಿ ಕೆಳಸೇತುವೆ ಮಾಡಿದರು. ಒಂದು ಜೋರು ಮಳೆ ಬಂದರೆ ಸಾಕು, ಸೊಂಟದುದ್ದ ನೀರು. ನಮ್ಮತ್ತೆಗೆ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಡಯಾಲಿಸಿಸ್‌ಗೆ ಹಾಸನಕ್ಕೆ ಹೋಗುತ್ತಿದ್ದೆ. ನೀರು ನಿಂತಾಗ ಸುತ್ತುದಾರಿಯೇ ಗತಿ, ಅದರ ಗುಂಡಿಗಳಲ್ಲಿ ಆ ಜೀವ ಕುಲುಕಾಡಿ ಹಣ್ಣಾಗುತ್ತಿತ್ತು. ಹಾಸನದಲ್ಲಿರುವ ನಾದಿನಿ, "ಅವ್ವನ್ನ ನಮ್ಮನೇಗೆ ಕಳಿಸ್ಬಿಡಿ ಅತ್ತಿಗೆ" ಎನ್ನುತ್ತಲೇ ಇದ್ದಳು. ಅತ್ತೆ ಸುತರಾಂ ಒಪ್ಪುತ್ತಿರಲಿಲ್ಲ. "ಸೂಜಿ ಎಲ್ಲಾರ ಚುಚ್ಲಿ, ನಿದ್ದೆ ಮಾತ್ರ ನನ್ನ ಅಟ್ಟಿಲೇ ಮಾಡಾದು" ಅನ್ನುತ್ತಿದ್ದರು.

ನೀರಿಗೊಂದು ದಾರಿ ಮಾಡಿ ಎಂದು ರೈಲ್ವೆಯವರನ್ನು ಕೇಳಿದೆ. "ಸೇತುವೆ ನಮ್ಮದು, ಕೇಂದ್ರದ್ದು. ನೀರು ಬರೋದು ನಿಮ್ಮ ರಸ್ತೆಯಿಂದ, ಅದು ರಾಜ್ಯದ್ದು" ಎಂದರು. ದೂರು ಬರೆದುಕೊಂಡು ಲೋಕೋಪಯೋಗಿ ಕಚೇರಿಗೆ ಹೋದರೆ, "ಚರಂಡಿ ತೋಡೋಕೆ ನಾವು ರೆಡಿ ಅಮ್ಮ. ಹಳಿ ಪಕ್ಕ ಗುದ್ದಲಿ ಹಾಕೋಕೆ ಕೇಂದ್ರದವರು ಒಪ್ಪಬೇಕಲ್ಲ" ಎಂದರು. ಇವರಿಬ್ಬರೂ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿದು ಮಾತಾಡಿಕೊಂಡೇ ಬಂದಿದ್ದಾರೆ ಅನ್ನೋದು ನನ್ನ ಗುಮಾನಿ. ದೇಶ ಸಲೀಸಾಗಿ ನಡೆಯಲಿ ಅಂತ ಅಧಿಕಾರ ಹಂಚಿಕೊಂಡಿದ್ದಾರೆ ಎಂದು ಶಾಲೆಯಲ್ಲಿ ಕಲಿಸಿದ್ದರು. ನುಣುಚಿಕೊಳ್ಳೋಕೂ ಅದೇ ಹಂಚಿಕೆ ಒದಗುತ್ತದೆ ಅಂತ ಯಾವ ಮೇಷ್ಟರೂ ಹೇಳಿರಲಿಲ್ಲ.

"ನೀನೊಂದು ಅನುಮಾನದ ಪಿಶಾಚಿ ಕನವ್ವ" ಎಂದು ಅತ್ತೆ ನಗುತ್ತಿದ್ದರು. ಅವರಿಗೆ ಎಲ್ಲರ ಮೇಲೂ ನಂಬಿಕೆ.

ಒಂದು ಸಲ ಎರಡೂ ಕಡೆಯ ಸಾಹೇಬರು ಒಟ್ಟಿಗೇ ಜಾಗ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ನಮ್ಮ ಕಡೆಯವರಿಗೆ ಒಂದು ಚಾಳಿ. ಕೆಲಸ ಆಗಬೇಕಾದವರಿಗೆ ಮುಂಚೆಯೇ ಸನ್ಮಾನ ಮಾಡಿಬಿಡುತ್ತಾರೆ. ಶಾಲು, ಹಾರ, ಮೈಸೂರು ಪೇಟ ಬಿದ್ದ ಮೇಲೆ ಮನುಷ್ಯ ಮುಲಾಜಿಗೆ ಬೀಳುತ್ತಾನೆ ಅನ್ನೋ ಲೆಕ್ಕ. "ಮೊದ್ಲು ಕೆಲಸ ಆಗ್ಲಿ, ಆಮೇಲೆ ಬೇಕಾದ್ರೆ ಆನೆ ಮೇಲೆ ಕೂರ್ಸಿ" ಎಂದು ನಾನು ಗಂಟಲು ಹರಿದುಕೊಂಡೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿಗೆ ಹಿರಿಯರು ಅಂತ ಅತ್ತೆ ಕೈಯಲ್ಲೇ ಹಾರ ಹಾಕಿಸಿದರು. ಮಳೆಯಿಲ್ಲದೆ ಸೇತುವೆ ಕೆಳಗಿನ ಕೆಸರು ಒಣಗಿ ಬಿರುಕುಬಿಟ್ಟಿತ್ತು. ಅಲ್ಲೇ ಫೋಟೊ ಆಯಿತು. ಅತ್ತೆಗೆ ಬಾಯ್ತುಂಬ ನಗು. ನಾನು ಸಾಹೇಬರ ಮುಖಗಳನ್ನೇ ನೋಡುತ್ತಿದ್ದೆ. ಒಬ್ಬರನ್ನೊಬ್ಬರು ಹೊಗಳಿದರು, ಎಳನೀರು ಕುಡಿದರು, ಜೀಪು ಹತ್ತಿದರು. ಚರಂಡಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಮುಂದಿನ ಮಳೆಗೆ ಮತ್ತೆ ಸೊಂಟದುದ್ದ ನೀರು. ಉರಿದುಕೊಂಡೇ ಲೋಕೋಪಯೋಗಿ ಕಚೇರಿಗೆ ಹೋದೆ. ಗುಮಾಸ್ತ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ನಮ್ಮ ದೂರು ಇತ್ಯರ್ಥವಾಗಿತ್ತು, ಅದಕ್ಕೆ ಪುರಾವೆ ಅದೇ ಫೋಟೊ. ಒಣಗಿದ ಸೇತುವೆ, ಹಾರ, ನಗುವ ನಮ್ಮತ್ತೆ. "ಊರಿನವರೇ ಸನ್ಮಾನ ಮಾಡಿದ್ದೀರಲ್ಲಮ್ಮ. ಆಗದ ಕೆಲಸಕ್ಕೆ ಯಾರಾದ್ರೂ ಹಾರ ಹಾಕ್ತಾರಾ?" ಎಂದ. ರೈಲ್ವೆಯವರ ಹತ್ತಿರವೂ ಅದೇ ಫೋಟೊ ಇತ್ತು. ಕೇಂದ್ರ, ರಾಜ್ಯ ಎರಡೂ ಜಗಳವಿಲ್ಲದೆ ಒಪ್ಪಿದ್ದು ಅದೊಂದನ್ನೇ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರ ಮುಖ ಸಣ್ಣಗಾಯಿತು. ಆ ವಾರ ಮಳೆ ಬಿಡಲೇ ಇಲ್ಲ, ಸುತ್ತುದಾರಿಯೂ ಕೆಸರಲ್ಲಿ ಹೂತುಹೋಗಿ ಡಯಾಲಿಸಿಸ್ ತಪ್ಪಿತು. ಕಾಲು ಊದಿಕೊಂಡವು, ಉಸಿರು ಮೇಲಕ್ಕೆಳೆಯತೊಡಗಿತು. ಪಕ್ಕದ ಮನೆಯವರ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ನೀರು ದಾಟಿಸಿದೆವು. ಜೀವ ಉಳಿಯಿತು. ಆಸ್ಪತ್ರೆಯಿಂದ ನೇರ ನಾದಿನಿ ಮನೆಗೆ ಕರೆದುಕೊಂಡು ಹೋದರೆ ಅತ್ತೆ ಬೇಡ ಅನ್ನಲಿಲ್ಲ. ಅವರು ಬೈದಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅವರ ಬಟ್ಟೆ ಬ್ಯಾಗು ಬಿಚ್ಚಲು ಕೂತೆ. ಅತ್ತೆ ಕಿಟಕಿಯಿಂದ ಆಚೆ ನೋಡುತ್ತಿದ್ದರು.

"ಈ ಬೀದಿ ಯಾರ್ದವ್ವ? ದಿಲ್ಲಿಯೋರ್ದಾ, ಬೆಂಗ್ಳೂರೋರ್ದಾ?"

"ಎರಡೂ ಅಲ್ಲ ಅತ್ತೆ, ಇದು ನಗರಪಾಲಿಕೆಯವರದ್ದು."

"ಇನ್ನೊಬ್ರು ಬ್ಯಾರೆ ಅವ್ರಾ?"

ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದರು.

"ಅಂಗಾರೆ ಬ್ಯಾಗು ಬಿಚ್ಬ್ಯಾಡ. ಅಂಗೇ ಇರ್ಲಿ ಬುಡು."