ತಾತನ ಸೋಲದ ಸುಳಿಶಾಸ್ತ್ರ

ವಿಜ್ಞಾನ ಯಾವುದು, ಯಾವುದಲ್ಲ ಎಂದು ತೀರ್ಮಾನಿಸಲು ದೇಶದ ವಿಜ್ಞಾನಿಗಳೆಲ್ಲ ಇವತ್ತಿಗೂ ನನಗೇ ಫೋನ್ ಮಾಡುತ್ತಾರೆ. ನಾನು ಮಾತ್ರ ಅದನ್ನು ಕಲಿತದ್ದು ದನದ ಕೊಟ್ಟಿಗೆಯಲ್ಲಿ.

ಇವತ್ತು ಬೆಳಿಗ್ಗೆ ಮತ್ತಿಗಿರಿಯ ನಮ್ಮ ಬೀದಿಯಲ್ಲಿ ಯಾರೋ ಹುರುಳಿ ಬೇಯಿಸುತ್ತಿದ್ದರು. ಆ ವಾಸನೆಗೆ ಸಾನಮಾವಿನ ಕಡೆಯ ನಮ್ಮ ಹಳೇ ಮನೆ ಕಣ್ಣೆದುರು ಬಂತು. ಅಜ್ಜಿ ಬೆಂದ ಹುರುಳಿಯನ್ನು ಕೆಂದ ಎಂಬ ಎತ್ತಿಗೆ ಕೈಯಾರೆ ತಿನ್ನಿಸುತ್ತಿದ್ದಳು. ಅದರ ಒರಟು ನಾಲಿಗೆ ಅವಳ ಬಳೆಗಳನ್ನೂ ನೆಕ್ಕುತ್ತಿತ್ತು.

ತಾತ ದನದ ಮೈಮೇಲಿನ ಕೂದಲ ಸುಳಿ ನೋಡಿ ಭವಿಷ್ಯ ಹೇಳುವವನು. ಕೆಂದನ ಬೆನ್ನಿನ ಸುಳಿ ಮನೆಗೆ ಕೇಡು ಎಂದಿದ್ದ. ಆ ವರ್ಷ ರಾಗಿ ಚೆನ್ನಾಗಿ ಬಂತು. "ಮನೆದೇವ್ರು ಕಾಪಾಡ್ತು," ಎಂದ. ಮರುವರ್ಷ ಹೆಂಚು ಬಿದ್ದು ಅವನ ಕಾಲ್ಬೆರಳು ಜಜ್ಜಿತು. "ನೋಡ್ದಾ, ಸುಳಿ ಕೆಲ್ಸ," ಎಂದವನೇ ಎತ್ತನ್ನು ಮಾರಲು ಸಂತೆಗೆ ಹೊಡೆದೊಯ್ಯಲು ಹಗ್ಗ ಬಿಚ್ಚಿದ.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಒಳ್ಳೇದಾದ್ರೆ ದೇವ್ರು, ಕೆಟ್ಟದಾದ್ರೆ ಸುಳಿ. ಏನಾದ್ರೆ ನಿಮ್ ಮಾತು ತಪ್ಪು ಅಂತ ಒಪ್ಕೊಂತೀರ, ಅದ್ನ ಮೊದ್ಲು ಹೇಳ್ಬುಡಿ. ಆಮೇಲೆ ಹೊಡ್ಕೊಂಡೋಗಿ."

"ಶಾಸ್ತ್ರ ಯಾವತ್ತೂ ತಪ್ಪಾಗಾಕಿಲ್ಲ ಕಣೇ," ಎಂದ ತಾತ.

"ಹಂಗಾದ್ರೆ ಅದು ಈ ಎತ್ತಿನ ವಿಷ್ಯ ಏನೂ ಹೇಳ್ತಾನೇ ಇಲ್ಲ ಬುಡಿ."

ತಾತ ಕೆಂದನ ಬೆನ್ನು ಸವರಿದ. ಆಮೇಲೆ ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟಿದ.

ವಿಜ್ಞಾನವೆಂದರೆ ನನಗೆ ಅಜ್ಜಿಯ ಆ ಪ್ರಶ್ನೆಯೇ. ಆದರೂ ಹೋದ ತಿಂಗಳು ಹಾಲು ಕರೆದು ನೋಡದೆ, ಹಣೆಯಲ್ಲಿ ಒಳ್ಳೇ ಸುಳಿ ಇದೆಯೆಂದು ಹಸು ಕೊಂಡೆ. ಲೋಟ ಹಾಲೂ ಕೊಡದ ಅದನ್ನು ಮಾರಿದಾಗ ಐದು ಸಾವಿರ ಹೋಯಿತೆಂದು ಹೆಂಡತಿಗೆ ಹೇಳಿದ್ದೇನೆ. ಹೋದದ್ದು ಇಪ್ಪತ್ತಮೂರು ಸಾವಿರ.