ಮಹಡಿ ಮನೆಯ ಮೇಷ್ಟ್ರಿಗೆ ಪೇಪರ್ ಓದಿದ್ದು

ಸಿಂಚನಾ, ಪ್ರಣವ್,

ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮೇಷ್ಟ್ರ ಬಲಗೈ ತೋರುಬೆರಳಿನ ತುದಿ ನುಣುಪಾಗಿ ಹೊಳೆಯುತ್ತಿತ್ತು. ಅದಕ್ಕೆ ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಬಿಸಿ ಲೋಟ ತಾಗಿಸುತ್ತಿರಲಿಲ್ಲ. ಹುಟ್ಟಿನಿಂದ ಕಣ್ಣು ಕಾಣದ ಅವರು ಬ್ರೈಲ್ ಪುಸ್ತಕದ ಉಬ್ಬು ಚುಕ್ಕೆಗಳನ್ನು ಆ ಬೆರಳಿನಿಂದಲೇ ಓದಿ, ಅಂಧಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು.

ದಿನಪತ್ರಿಕೆಗೆ ಮಾತ್ರ ಅವರು ಒಂದು ಹಳೆಯ ಕಂಪ್ಯೂಟರನ್ನು ನಂಬಿದ್ದರು. ಅದರೊಳಗಿನ ಸಾಫ್ಟ್‌ವೇರ್ ಕನ್ನಡವನ್ನು ಗಟ್ಟಿಯಾಗಿ ಓದುತ್ತಿತ್ತು. ನಿಮ್ಮ ತಾತ ಹೋದ ಮೇಲೆ ಕೆಳಗೆ ಒಬ್ಬಳೇ ಅಕ್ಕಿ ಆರಿಸುತ್ತಾ ನಾನೂ ಆ ದನಿ ಕೇಳುತ್ತಿದ್ದೆ.

ಒಂದು ದಿನ ಆ ಕಂಪ್ಯೂಟರ್ ಕೆಟ್ಟಿತು. ಕೆಂಗೇರಿಯಿಂದ ಅವರ ತಮ್ಮನ ಮಗಳು ಹೊಸದನ್ನು ತಂದಳು.

"ಇದರ ಸಿಸ್ಟಮ್ಮೇ ಬೇರೆ ದೊಡ್ಡಪ್ಪ. ವೈರಸ್ ಕಾಟ ಇಲ್ಲ, ಹ್ಯಾಂಗ್ ಆಗಲ್ಲ."

"ಕನ್ನಡ ಓದುತ್ತಾ?"

"ನಿಮ್ಮ ಹಳೇ ಸಾಫ್ಟ್‌ವೇರ್ ಇದಕ್ಕೆ ಹಾಕಕ್ಕಾಗಲ್ಲ. ಇದಕ್ಕೆ ಅಂತ ಇನ್ನೂ ಯಾರೂ ಮಾಡಿಲ್ಲ."

"ಮತ್ತೆ ಇಟ್ಕೊಂಡು ಅದರಲ್ಲಿ ಮುಖ ನೋಡ್ಕೊಳ್ಲಾ? ಅದೂ ಕಾಣಲ್ಲ ನಂಗೆ" ಎಂದು ನಕ್ಕು ವಾಪಸ್ ಕಳಿಸಿದರು.

ಕಾಫಿ ಕೊಡಲು ಹೋಗಿದ್ದ ನನ್ನ ಕಡೆ ತಿರುಗಿ, "ನೀವು ಓದಿ ಹೇಳ್ತೀರೇನಮ್ಮಾ?" ಎಂದರು.

ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ನಾಲ್ಕು ಜನರೆದುರು ಬಾಯಿ ಬಿಟ್ಟವಳಲ್ಲ. "ನಂಗೆ ಓದಕ್ಕೆ ಬರಲ್ಲ ಮೇಷ್ಟ್ರೇ" ಎಂದುಬಿಟ್ಟೆ.

ಒಂದು ವಾರ ಮಹಡಿಯಲ್ಲಿ ಸದ್ದಿಲ್ಲ. ತಡೆಯಲಾರದೆ ಒಂದು ಸಂಜೆ ಐದಕ್ಕೆ ಪೇಪರ್ ಹಿಡಿದು ಹತ್ತಿದೆ.

"ಬೆಳಿಗ್ಗೆ ಹಾಳೆ ಮಗುಚೋ ಸದ್ದು ಕೇಳ್ತಿತ್ತಲ್ಲಮ್ಮ. ಬರೀ ಚಿತ್ರ ನೋಡ್ತಿದ್ರಾ?"

ಅಂದಿನಿಂದ ದಿನಾ ಐದಕ್ಕೆ ಓದಿದೆ. ತಡವರಿಸಿದರೆ, "ನಿಧಾನ ಕಣಮ್ಮ, ಬಸ್ಸೇನೂ ಬಿಟ್ಟು ಹೋಗಲ್ಲ" ಎನ್ನುವರು. ನನ್ನ ದನಿಯನ್ನು ಅಷ್ಟು ಹೊತ್ತು ಕೇಳಿದವರು ಬೇರೆ ಯಾರೂ ಇಲ್ಲ.

ಎರಡು ವರ್ಷದ ಮೇಲೆ ಆ ಹೊಸ ಸಿಸ್ಟಮ್ಮಿಗೂ ಕನ್ನಡ ಓದುವ ಸಾಫ್ಟ್‌ವೇರ್ ಬಂತು. ಬೇಡವೆಂದಿದ್ದ ಕಂಪ್ಯೂಟರನ್ನು ಮೇಷ್ಟ್ರು ಅದೇ ವಾರ ತರಿಸಿಕೊಂಡರು. ಮಹಡಿಯಿಂದ ಮತ್ತೆ ದನಿ ಕೇಳಿತು. ಇನ್ನು ನಾನೇಕೆ ಎಂದು ಹತ್ತಲಿಲ್ಲ. ಅವರೂ ಕರೆಯಲಿಲ್ಲ. ಮೂರು ತಿಂಗಳಿಗೆ ತೀರಿಕೊಂಡರು.

ಮನೆ ಖಾಲಿ ಮಾಡಲು ಬಂದ ತಮ್ಮನ ಮಗಳು ಹೇಳಿದಳು: "ಆಂಟಿ, ದೊಡ್ಡಪ್ಪ 'ಅವರನ್ನ ಎರಡು ವರ್ಷ ಕಟ್ಟಿಹಾಕಿದ್ದೆ, ಈಗಲಾದ್ರೂ ಬಿಡುವಾಗಿರ್ಲಿ' ಅಂತಿದ್ರು. ಆದ್ರೂ ಐದು ಗಂಟೆಗೆ ಕಂಪ್ಯೂಟರ್ ನಿಲ್ಸೋರು. ನೀವು ಮೆಟ್ಲು ಹತ್ತಿ ಬಂದ್ರೆ ಕೇಳಿಸ್ಲಿ ಅಂತ."

ಇದನ್ನು ಬಾಯಲ್ಲಿ ಹೇಳಲು ನನ್ನಿಂದಾಗದು, ಅದಕ್ಕೇ ಬರೆದೆ. ಮಕ್ಕಳೇ, ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ, ನಿಮ್ಮ ಬಳಿಯೇ ಇಟ್ಟುಕೊಳ್ಳಿ.